ಫೈಲ್‌ಗೆ ಉತ್ತರ ಮಾತ್ರ ಹೋಗಲಿ

ಅಂಕಪಟ್ಟಿ ಓದಿ, ಮೊತ್ತ ಕೂಡಿ, ಸಿಎಸ್‌ವಿ (ಅಲ್ಪವಿರಾಮ ಹಾಕಿ ಕಾಲಂ ಬೇರ್ಪಡಿಸುವ) ಸಾಲುಗಳನ್ನು ಕೊಡುವ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದಿದ್ದೆ. ಟರ್ಮಿನಲ್‌ನಲ್ಲಿ ಎಲ್ಲ ಸರಿಯಾಗೇ ಕಾಣುತ್ತಿತ್ತು. > ಚಿಹ್ನೆ ಹಾಕಿ ಫೈಲ್‌ಗೆ ಕಳಿಸಿ ತೆರೆದರೆ, ಮೊದಲ ಸಾಲಿನಲ್ಲೇ ‘ಫೈಲ್ ಓದುತ್ತಿದ್ದೇನೆ’ ಅಂತ ಕೂತಿತ್ತು! ಮುಂದಿನ ಪ್ರೋಗ್ರಾಂ ಅದನ್ನೇ ಕಾಲಂ ಹೆಸರು ಅಂದುಕೊಂಡು ಇಡೀ ಲೆಕ್ಕ ಕೆಡಿಸಿತು.

ಲಿನಕ್ಸ್‌ನಲ್ಲಿ ಪ್ರತಿ ಪ್ರೋಗ್ರಾಂಗೂ ಮಾಹಿತಿ ಒಳಗೆ ಬರಲು, ಹೊರಗೆ ಹೋಗಲು ಸಾಮಾನ್ಯವಾಗಿ ಮೂರು ದಾರಿ ಸಿಗುತ್ತವೆ. 0 ಇನ್‌ಪುಟ್. 1 ಸ್ಟ್ಯಾಂಡರ್ಡ್ ಔಟ್‌ಪುಟ್. 2 ಸ್ಟ್ಯಾಂಡರ್ಡ್ ಎರರ್. ಮೇಲಿನ ಆ ಚಿಹ್ನೆ ಫೈಲ್‌ಗೆ ಕಳಿಸುವುದು 1ನ್ನು ಮಾತ್ರ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಬೆಳೆಯುತ್ತಿದ್ದಾಗ, ದೋಷದ ಸಂದೇಶಗಳು ಪೈಪ್‌ನೊಳಗೆ (ಒಂದು ಪ್ರೋಗ್ರಾಂನ ಔಟ್‌ಪುಟ್ ಇನ್ನೊಂದಕ್ಕೆ ಹೋಗುವ ಕೊಂಡಿ) ಸೇರಿ ಮಾಯವಾಗುತ್ತಿದ್ದವು. ಅದಕ್ಕೇ ಈ 2 ಬಂತು. ಹೆಸರು ಎರರ್ ಆದರೂ ಇದು ದೋಷಕ್ಕೆ ಮಾತ್ರ ಅಲ್ಲ. ಇಂಟರ್ನೆಟ್‌ನಿಂದ ಫೈಲ್ ತರುವ ಕರ್ಲ್ (curl) ತನ್ನ ಡೌನ್‌ಲೋಡ್ ಪ್ರಗತಿಯನ್ನು ಇಲ್ಲೇ ತೋರಿಸುತ್ತದೆ.

ಮೊದಲು ನಿಮ್ಮ ಪ್ರೋಗ್ರಾಂನ ಒಂದೊಂದು ಪ್ರಿಂಟ್ ಸಾಲನ್ನೂ ನೋಡಿ. ಬಳಸುವವರು ಕೇಳಿದ್ದು ಇದನ್ನೇನಾ? ಹೌದಾದರೆ 1ರಲ್ಲೇ ಇರಲಿ. ‘ಶೇ. 40 ಮುಗಿದಿದೆ’, ‘ಫೈಲ್ ಸಿಗಲಿಲ್ಲ’ ಇಂಥವೆಲ್ಲ 2ಕ್ಕೆ ಹೋಗಲಿ. ಹೆಲ್ಪ್ ಬೇಕು ಅಂತ ಅವರೇ ಕೇಳಿದ್ದರೆ ಆ ಹೆಲ್ಪೇ ಉತ್ತರ, ಅದು 1ರಲ್ಲಿ ಬರಬೇಕು.

ಆಮೇಲೆ ತಿದ್ದಿ. ಬ್ಯಾಶ್‌ನಲ್ಲಿ (ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ಓಡಿಸುವ ಶೆಲ್) ಎಕೋ (echo) ಸಾಲಿನ ತುದಿಗೆ >&2 ಸೇರಿಸಿದರೆ ಸಾಕು. ಪೈಥಾನ್‌ನಲ್ಲಿ ಪ್ರಿಂಟ್‌ನ ಫೈಲ್ ಆರ್ಗ್ಯುಮೆಂಟ್‌ಗೆ ಸಿಸ್ ಮಾಡ್ಯೂಲ್‌ನ ಎಸ್‌ಟಿಡಿಎರರ್ ಕೊಡಿ, ಅಂದರೆ file=sys.stderr.

ಈಗ ಪರೀಕ್ಷೆ. ಇದನ್ನು ಮಾತ್ರ ಬಿಡಬೇಡಿ. ಪರದೆಯ ಮೇಲೆ 1, 2 ಎರಡೂ ಒಟ್ಟಿಗೇ ಕಾಣುವುದರಿಂದ ಸುಮ್ನೆ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಪ್ರೋಗ್ರಾಂ ಹೆಸರಿನ ನಂತರ ಹೀಗೆ ಬರೆಯಿರಿ:

> ಉತ್ತರ 2> ಸಂದೇಶ

ಎರಡು ಫೈಲ್ ಸಿಗುತ್ತವೆ. ‘ಉತ್ತರ’ದಲ್ಲಿ ಒಂದೇ ಒಂದು ಸಂದೇಶದ ಸಾಲು ಕಂಡರೂ ಹಿಂದಕ್ಕೆ ಹೋಗಿ ತಿದ್ದಿ.

ಎರಡೂ ಒಂದೇ ಫೈಲ್‌ನಲ್ಲಿ ಬೇಕೆಂದರೆ:

> ಎಲ್ಲ 2>&1

ಕೊನೆಯ ತುಂಡಿನ ಅರ್ಥ, 1 ಈಗ ಎಲ್ಲಿಗೆ ಹೋಗುತ್ತಿದೆಯೋ 2 ಕೂಡ ಅಲ್ಲಿಗೇ ಹೋಗಲಿ ಅಂತ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. 2>&1 ಅನ್ನು ಮೊದಲು ಬರೆದರೆ ಸಂದೇಶ ಪರದೆಯಲ್ಲೇ ಉಳಿಯುತ್ತದೆ. ಶೆಲ್ ಎಡದಿಂದ ಬಲಕ್ಕೆ ಓದುತ್ತದೆ ಅಲ್ವಾ? ಆ ಹೊತ್ತಿಗೆ 1 ಇನ್ನೂ ಪರದೆಯ ಕಡೆಗೇ ಇರುತ್ತದೆ. ಹಾಗೆಯೇ ಒಂದೇ ಫೈಲ್‌ಗೆ ಕಳಿಸಿದಾಗ ಸಾಲುಗಳು ಹಿಂದುಮುಂದಾಗಿ ಬರಬಹುದು. ಫೈಲ್‌ಗೆ ಹೋಗುವ ಔಟ್‌ಪುಟ್ ಬಫರ್‌ನಲ್ಲಿ (ಮೆಮೊರಿಯ ತಾತ್ಕಾಲಿಕ ಜಾಗ) ಕಾದು ನಿಲ್ಲುವುದು ಅದಕ್ಕೆ ಕಾರಣ.

ಕೊನೆಯದಾಗಿ, ಕೆಲಸ ಕೆಟ್ಟಾಗ ಸಂದೇಶ ಕೊಟ್ಟು ಸುಮ್ಮನಾಗಬೇಡಿ, ಎಕ್ಸಿಟ್ ಕೋಡ್ (ಪ್ರೋಗ್ರಾಂ ಮುಗಿಯುವಾಗ ಹಿಂದಿರುಗಿಸುವ ಅಂಕಿ) 1 ಕೊಟ್ಟು ಮುಗಿಸಿ. ಇದು ಮೇಲಿನ 1ನೇ ದಾರಿಯಲ್ಲ. ಸಂದೇಶ ಓದುವುದು ಮನುಷ್ಯರು. ಇದನ್ನು ಓಡಿಸುವ ಸ್ಕ್ರಿಪ್ಟ್‌ಗೆ ಆ ಅಂಕಿಯಿಂದಲೇ ಗೊತ್ತಾಗಬೇಕು.