ಜೀವನವಿಡೀ ಲೀಕ್ ನಿಲ್ಲಿಸಿದೆ, ಇಲ್ಲಿ ನಾನೇ ಲೀಕ್ ಇಟ್ಟೆ

ಪೀಣ್ಯದ ಒಂದು ಕಾರ್ಖಾನೆಯಲ್ಲಿ 31 ವರ್ಷ ಮೇಂಟೆನೆನ್ಸ್ ಕೆಲಸ ಮಾಡಿದವನು ನಾನು. ಏರ್ ಲೈನ್, ಕೂಲಂಟ್ ಲೈನ್, ಹೈಡ್ರಾಲಿಕ್ ಲೈನ್, ಎಲ್ಲಿ ಸೋರಿದರೂ ನನಗೇ ಕರೆ. ಗಾಳಿ ಸೋರಿದರೆ ದುಡ್ಡು ಸೋರಿದ ಹಾಗೆ ಕಣ್ರೋ ಅಂತ ಹುಡುಗರಿಗೆ ಬೈಯುತ್ತಿದ್ದೆ. ರಿಟೈರ್ ಆದ ಮೇಲೆ ನನ್ನ ಚಿಕಿತ್ಸೆಗೆ ಅಂತಲೇ ಗಾಳಿ ಎಳೆಯುವ ಒಂದು ಪಂಪ್ ಸೆಟ್ ಕಟ್ಟಿದೆ. ಅದು ಕೆಲಸ ಮಾಡಿದ್ದು ಬೇಕಂತಲೇ ಒಂದು ಲೀಕ್ ಇಟ್ಟ ಮೇಲೆಯೇ.

62ನೇ ವಯಸ್ಸಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಅಂದರು. ಗ್ರಂಥಿಯನ್ನೇ ತೆಗೆದರು. ಕ್ಯಾನ್ಸರ್ ಹೋಯಿತು, ಜೊತೆಗೆ ನಿಮಿರುವಿಕೆಯೂ ಹೋಯಿತು. ಆ ನರಗಳು ಪ್ರಾಸ್ಟೇಟ್‌ನ ಎರಡೂ ಪಕ್ಕಕ್ಕೆ ಅಂಟಿಕೊಂಡೇ ಹೋಗುತ್ತವೆ. ಕತ್ತರಿಸದೆ ಉಳಿಸಿದರೂ ಅವು ಚೇತರಿಸಿಕೊಳ್ಳೋಕೆ ತಿಂಗಳುಗಟ್ಟಲೆ ಬೇಕು, ಕೆಲವರಿಗೆ ಎರಡು ವರ್ಷವೂ ಬೇಕು. ಕೆಲವರಿಗೆ ಬರೋದೇ ಇಲ್ಲ. ಅಲ್ಲಿಯವರೆಗೆ ರಕ್ತ ಓಡಾಡದೆ ಅಂಗ ಕುಗ್ಗಬಾರದು ಅಂತ ಡಾಕ್ಟರು ವ್ಯಾಕ್ಯೂಮ್ ಸಾಧನ ಬರೆದುಕೊಟ್ಟರು. ದಿನಕ್ಕೆ 10 ನಿಮಿಷ. 'ಗ್ಯಾರಂಟಿ ಏನೂ ಇಲ್ಲ, ಆದರೆ ಸುಮ್ನೆ ಬಿಡೋದಕ್ಕಿಂತ ವಾಸಿ' ಅಂದರು. ನನಗೆ ಆ ಮಾತು ಹಿಡಿಸಿತು.

ಸಾಧನ ಅಂದರೆ ದೊಡ್ಡದೇನೂ ಅಲ್ಲ. ಒಂದು ತುದಿ ಮುಚ್ಚಿದ ಪಾರದರ್ಶಕ ಸಿಲಿಂಡರ್, ಅದಕ್ಕೊಂದು ಪಂಪ್. ಶಿಶ್ನದ ಸುತ್ತ ಗಾಳಿಯ ಒತ್ತಡ ಕಡಿಮೆ ಮಾಡಿದರೆ ರಕ್ತ ಒಳಗೆ ಬರುತ್ತದೆ, ಅಷ್ಟೇ. ಹೊಸ ವಿದ್ಯೆಯೂ ಅಲ್ಲ. ಒಟ್ಟೋ ಲೆಡರರ್ ಅನ್ನುವವರು 1917ರಲ್ಲೇ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದರು. ಆಮೇಲೆ ಜಾರ್ಜಿಯಾ ರಾಜ್ಯದ ಗೆಡಿಂಗ್ಸ್ ಆಸ್ಬನ್ ತನ್ನ ಕಷ್ಟಕ್ಕೆ ತಾನೇ ಒಂದು ಮಾಡಿಕೊಂಡ. ಅದನ್ನು ಮಾರೋಕೆ ಅಲ್ಲಿನ ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು 1982ರಲ್ಲಿ. ಆಸ್ಬನ್ ಡಾಕ್ಟರಲ್ಲ, ಟೈರ್ ವ್ಯವಹಾರದ ಮನುಷ್ಯ. ಗಾಳಿಯ ಜೊತೆ ಬದುಕಿದವನಿಗೇ ಇದು ಹೊಳೆದಿದ್ದು ನನಗೆ ಖುಷಿ ಕೊಟ್ಟಿತು.

ನಾನು ಮೊದಲು ತಂದಿದ್ದು ಕೈಯಲ್ಲಿ ಒತ್ತುವ ಪಂಪ್. ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹಳೆಯ ಕೀಲುನೋವು, ಸ್ಪ್ಯಾನರ್ ತಿರುಗಿಸಿದ ಪುಣ್ಯ. ನಾಲ್ಕು ದಿನ ಒತ್ತಿದ ಮೇಲೆ ಕಾಫಿ ಲೋಟ ಹಿಡಿಯೋಕೂ ಆಗಲಿಲ್ಲ. ಬ್ಯಾಟರಿಯದ್ದು ಸಿಗುತ್ತದೆ, ಬೆಲೆ ಕೇಳಿ ಸುಮ್ಮನಾದೆ. ಸಿಲಿಂಡರ್ ಹೇಗೂ ಇದೆ, ಎಳೆಯುವ ಕಡೆ ಮಾತ್ರ ನಾನೇ ಮಾಡಿಕೊಂಡರಾಯಿತು ಅಂದುಕೊಂಡೆ.

ಸಿಲಿಂಡರ್ ಮಾತ್ರ ಮನೆಯಲ್ಲಿ ಮಾಡಬೇಡಿ. ನಾನೂ ಅಕ್ರಿಲಿಕ್ ಪೈಪ್ ಕತ್ತರಿಸಿ ನೋಡಿದೆ. ಎಮರಿ ಪೇಪರ್‌ನಲ್ಲಿ ಎಷ್ಟು ಉಜ್ಜಿದರೂ ಅಂಚು ಚರ್ಮಕ್ಕೆ ಗೀರುತ್ತಿತ್ತು. ಎಸೆದೆ.

ಮೋಟರ್‌ಗೆ ಅಂತ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ. ಯಾವ ಮಿಷಿನ್‌ಗೆ ಸಾರ್ ಅಂತ ಅಂಗಡಿ ಹುಡುಗ ಕೇಳಿದ. ಬಾಯಿಗೆ ಬಂದಿದ್ದು 'ಮೀನಿನ ತೊಟ್ಟಿಗೆ'.

'ಅದು ಊದಬೇಕು ಸಾರ್. ನೀವು ಹಿಡಿದಿರೋದು ಎಳೆಯೋದು.'

'ಎಳೆಯೋದೇ ಇರಲಿ ಬಿಡಪ್ಪ' ಅಂದೆ. ಅವನು ಮುಖ ನೋಡಿದ, ಆದರೆ ಕೊಟ್ಟ. 12 ವೋಲ್ಟಿನ ಸಣ್ಣ ಡಯಾಫ್ರಾಮ್ ಪಂಪ್, ಅಂಗೈಯಷ್ಟು. ಜೊತೆಗೆ ಸಿಲಿಕಾನ್ ಟ್ಯೂಬ್, ಎರಡು ಟೀ (ಟ್ಯೂಬ್ ಕವಲೊಡೆಯುವ ಮೂರು ಬಾಯಿಯ ಜೋಡಣೆ), 0ಯಿಂದ 760 ಮಿ.ಮೀ. ಪಾದರಸದವರೆಗೆ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್.

ಮನೆಯಲ್ಲಿ ಹಳೆಯ ಫ್ರಿಜ್ ಕಂಪ್ರೆಸರ್ ಒಂದಿತ್ತು. ಅದನ್ನೇ ಹಾಕಿದರೆ ಖರ್ಚೇ ಇಲ್ಲವಲ್ಲ ಅನ್ನಿಸಿದ್ದು ಸುಳ್ಳಲ್ಲ. ಆದರೆ ಬೆಂಗಳೂರಿನ ಗಾಳಿಯ ಒತ್ತಡವೇ ಸುಮಾರು 685 ಮಿ.ಮೀ. ಕಂಪ್ರೆಸರ್ ಅದರ ಬಹುಪಾಲನ್ನು ಎಳೆದು ಹಾಕುತ್ತದೆ. ಎಫ್‌ಡಿಎ ಇಂಥ ಸಾಧನಗಳಿಗೆ ಹಾಕಿರುವ ಮೇಲ್ಮಿತಿ 17 ಇಂಚು ಪಾದರಸ, ಅಂದರೆ ಸುಮಾರು 430 ಮಿ.ಮೀ. ಅದೂ ಮಿತಿ, ಗುರಿಯಲ್ಲ. ನನಗೆ ಬೇಕಾಗಿದ್ದು 150ರ ಆಸುಪಾಸು. ಇನ್ನು ಮನೆಯ ವ್ಯಾಕ್ಯೂಮ್ ಕ್ಲೀನರ್ ಬಳಸಲು ಹೋಗಿ ಒಳಗಿನ ಫ್ಯಾನಿಗೆ ಸಿಕ್ಕಿ ಗಾಯ ಮಾಡಿಕೊಂಡವರ ಕಥೆ ಡಾಕ್ಟರುಗಳ ಪತ್ರಿಕೆಗಳಲ್ಲೇ ಇದೆ. ಓದಿದರೆ ಹೊಟ್ಟೆ ತೊಳಸುತ್ತದೆ.

ಕರೆಂಟ್ ಗೋಡೆಯಿಂದ ತೆಗೆದುಕೊಳ್ಳಲಿಲ್ಲ. ಸಿಲಿಂಡರ್ ಗಾಳಿಯಾಡದ ಹಾಗೆ ಕೂರಲು ಜೆಲ್ ಹಚ್ಚಿದ ಒದ್ದೆ ಚರ್ಮ, ಅಗ್ಗದ ಅಡಾಪ್ಟರ್, ಇವೆರಡನ್ನೂ ಒಂದೇ ಕಡೆ ಇಡೋಕೆ ನನ್ನ ಕೈ ಒಪ್ಪಲಿಲ್ಲ. ಯುಪಿಎಸ್‌ನಲ್ಲಿ ಹಾಕುವ 12 ವೋಲ್ಟಿನ ಸೀಲ್ಡ್ ಬ್ಯಾಟರಿ ತಂದೆ. ಅದರ ಬುಡದಲ್ಲೇ 2 ಆಂಪಿಯರ್ ಫ್ಯೂಸ್. ಚಾರ್ಜ್ ಮಾಡುವುದು ಬೇರೆ ಹೊತ್ತಿನಲ್ಲಿ, ಬೇರೆ ರೂಮಿನಲ್ಲಿ.

ಇಷ್ಟೆಲ್ಲ ಜಾಣತನ ಮಾಡಿದವನು ಒಂದು ದಡ್ಡ ಕೆಲಸ ಮಾಡಿದೆ. ಮೋಟರ್ ನಿಲ್ಲಿಸಿದಾಗ ವ್ಯಾಕ್ಯೂಮ್ ಇಳಿಯಬಾರದು ಅಂತ ಗೇಜ್‌ಗೂ ಸಿಲಿಂಡರ್‌ಗೂ ನಡುವೆ ಒಂದು ನಾನ್-ರಿಟರ್ನ್ ವಾಲ್ವ್ ಕೂರಿಸಿದೆ. ಕಾರ್ಖಾನೆಯ ಬುದ್ಧಿ ನೋಡಿ, ಎಳೆದ ಗಾಳಿ ವಾಪಸ್ ಬರಬಾರದು! ಸ್ವಿಚ್ ಹಾಕಿದೆ. ಮೂರು ಸೆಕೆಂಡು ಆಗಿತ್ತೋ ಇಲ್ಲವೋ, ಚುರ್ ಅಂತ ನೋವು. ಸ್ವಿಚ್ ಆಫ್ ಮಾಡಿ ಟ್ಯೂಬ್ ಕಿತ್ತೆ. ಗೇಜ್ ಸೊನ್ನೆಗೆ ಬಂತು. ಆದರೆ ಸಿಲಿಂಡರ್ ಬಿಡಲಿಲ್ಲ. ಗೇಜ್ ವಾಲ್ವ್‌ನ ಆಚೆಗಿದೆ, ನಾನು ಈಚೆಗಿದ್ದೇನೆ. ಅದು ಸೊನ್ನೆ ಅಂತ ಹೇಳುತ್ತಿರುವುದು ಪಂಪಿನ ವಿಷಯ, ನನ್ನದಲ್ಲ.

ಎಳೆಯೋಕೆ ಹೋಗಬಾರದು ಅನ್ನುವಷ್ಟು ಬುದ್ಧಿ ಇತ್ತು. ಅಂಚಿನ ಹತ್ತಿರ ಚರ್ಮವನ್ನು ಬೆರಳಿನಿಂದ ಒಳಗೆ ಒತ್ತಿದೆ. ಉಸ್ ಅಂತ ಗಾಳಿ ನುಗ್ಗಿತು. ನೋಡಿದರೆ ತುಂಬಾ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು, ತುದಿಯ ಹಿಂದೆ ನೀರು ತುಂಬಿದ ಉದ್ದಿನವಡೆಯಂಥ ಊತ. ಎರಡು ದಿನ ಇತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಬೈದರು. ರಕ್ತ ತೆಳುವಾಗುವ ಮಾತ್ರೆ ನಾನು ತಿನ್ನುತ್ತಿಲ್ಲವಲ್ಲ ಅಂತ ಎರಡು ಸಲ ಕೇಳಿದರು. ತಿನ್ನುತ್ತಿದ್ದರೆ ಇದು ಚುಕ್ಕೆಗಳಲ್ಲಿ ನಿಲ್ಲುತ್ತಿರಲಿಲ್ಲವಂತೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರು, ಅಂಗ ಬಾಗಿರುವವರು, ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆ ಇರುವವರು ಕೇಳದೆ ಮುಟ್ಟಲೇಬಾರದು ಅಂದರು.

ಒಂದು ವಾರ ಎಲ್ಲ ಎತ್ತಿಟ್ಟೆ. ಆಗ ನೆನಪಾಗಿದ್ದು ಆಸ್ಪತ್ರೆಯ ಪಕ್ಕದ ಬೆಡ್. ಅಲ್ಲಿದ್ದ ಹಿರಿಯರಿಗೆ ಗಂಟಲ ಕಫ ತೆಗೆಯೋಕೆ ನರ್ಸ್ ಒಬ್ಬರು ಸಕ್ಷನ್ ಟ್ಯೂಬ್ ಹಾಕುತ್ತಿದ್ದರು. ಮಿಷಿನ್ ಗುರ್ ಅಂತ ಓಡುತ್ತಲೇ ಇರುತ್ತಿತ್ತು. ಟ್ಯೂಬಿನ ಬುಡದಲ್ಲಿ ಒಂದು ತೆರೆದ ತೂತು. ಅದನ್ನು ಬೆರಳಿಂದ ಮುಚ್ಚಿದಾಗ ಮಾತ್ರ ಎಳೆತ, ಬೆರಳು ಎತ್ತಿದರೆ ಏನೂ ಇಲ್ಲ. ಬರೀ ಒಂದು ತೂತು, ಸ್ಪ್ರಿಂಗೂ ಇಲ್ಲ, ಸ್ವಿಚ್ಚೂ ಇಲ್ಲ. ನಾನು ಅಷ್ಟು ವರ್ಷ ಮುಚ್ಚುತ್ತಾ ಬಂದಿದ್ದು ಇದನ್ನೇ ಅಲ್ವಾ?

ನಾನ್-ರಿಟರ್ನ್ ವಾಲ್ವ್ ಕಿತ್ತೆಸೆದೆ. ಸಿಲಿಂಡರ್‌ಗೆ ಟ್ಯೂಬ್ ಸೇರುವ ಕಡೆಗೆ ಹತ್ತಿರ, ಅಡ್ಡ ಏನೂ ಇಲ್ಲದ ಹಾಗೆ, ಎರಡು ಟೀ ಒಂದರ ಹಿಂದೆ ಒಂದು ಹಾಕಿದೆ. ಮೊದಲನೆಯದರಲ್ಲಿ ಗೇಜ್. ಎರಡನೆಯದರ ತೆರೆದ ಕೈಯಲ್ಲಿ 4 ಮಿ.ಮೀ. ತೂತು, ತೋರುಬೆರಳಿಗೆ. ತೂತು ತೆರೆದಿದ್ದರೆ ಮೋಟರ್ ಎಷ್ಟು ಓಡಿದರೂ ಮುಳ್ಳು ಅಲುಗುವುದಿಲ್ಲ. ಮುಚ್ಚಿದರೆ ಏರುತ್ತದೆ, ಎತ್ತಿದರೆ ತಕ್ಷಣ ಬೀಳುತ್ತದೆ. ಬಲ ಹಾಕಬೇಕಿಲ್ಲ, ಬೆರಳು ಇಟ್ಟರೆ ಸಾಕು. ಹೆಬ್ಬೆರಳಿಗೆ ರಜೆ. ಗಾಬರಿಯಾದರೆ ಕೈ ತಾನಾಗಿಯೇ ಬಿಡುತ್ತದೆ, ಬಿಟ್ಟರೆ ವ್ಯಾಕ್ಯೂಮ್ ಹೋಗುತ್ತದೆ.

ಆದರೂ ಮುಚ್ಚಿದಾಗ ಏರುವ ವೇಗ ಜಾಸ್ತಿಯೇ ಇತ್ತು. ಮೋಟರ್ ವೇಗ ತಗ್ಗಿಸುವ ಬೋರ್ಡ್ ಹಾಕಿ ನೋಡಿದೆ. ಒಂದು ಹಂತಕ್ಕಿಂತ ಕೆಳಗೆ ಮೋಟರ್ ತಿರುಗುವುದೇ ಇಲ್ಲ, ಕುಂಯ್ ಅಂತ ನಿಂತುಬಿಡುತ್ತದೆ. ಅದಕ್ಕೆ ಎರಡನೇ ಲೀಕ್. ಈ ಸಲ ನಿಜವಾಗಿಯೂ ಮೀನಿನ ಅಂಗಡಿಗೇ ಹೋದೆ. ತೊಟ್ಟಿಯ ಗಾಳಿ ಹೆಚ್ಚುಕಡಿಮೆ ಮಾಡುವ ಪುಟ್ಟ ವಾಲ್ವ್ ಸಿಗುತ್ತದಲ್ಲ, ಅದನ್ನು ತಂದು ಅದೇ ಲೈನಿಗೆ ಸೇರಿಸಿದೆ. ಸಿಲಿಂಡರ್ ಬಾಯಿಗೆ ಸೈಕಲ್ ಟ್ಯೂಬಿನ ರಬ್ಬರ್ ಇಟ್ಟು, ಮೇಲೊಂದು ದಪ್ಪ ಅಕ್ರಿಲಿಕ್ ಹಲಗೆ ಇಟ್ಟು ಮುಚ್ಚಿದೆ. ಮೋಟರ್ ಪೂರ್ತಿ ಓಡಿಸಿ, ಬೆರಳಿನ ತೂತು ಮುಚ್ಚಿ, ಮುಳ್ಳು 200ರಲ್ಲಿ ನಿಲ್ಲುವವರೆಗೆ ಮೀನಿನ ವಾಲ್ವ್ ತೆರೆಯುತ್ತಾ ಹೋದೆ. ನಿಂತಿತು. ಅದರ ತಿರುಪಿನ ಮೇಲೆ ಎಂ-ಸೀಲ್ ಮೆತ್ತಿದೆ. ಈಗ ಈ ಸೆಟ್ಟು 200 ದಾಟಬೇಕು ಅಂದರೂ ದಾಟದು. ನಾನು ನಿದ್ದೆ ಹೋದರೂ, ಬ್ಯಾಟರಿ ಹೋದರೂ, ಆ ಸೋರಿಕೆಯೇ ಅದನ್ನು ಇಳಿಸುತ್ತದೆ.

200 ಅಂದೆನಲ್ಲ, ಯಾರ 200? ಅಗ್ಗದ ಗೇಜ್ ನಂಬುವ ಹಾಗಿಲ್ಲ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಹಾಗಾಗಿ 100 ಮಿ.ಮೀ. ಪಾದರಸ ಅಂದರೆ 1 ಮೀಟರ್ 36 ಸೆಂ.ಮೀ. ನೀರು. ಮೆಟ್ಟಿಲ ಕೆಳಗೆ ಬಕೆಟ್ ಇಟ್ಟು, ನೀರಿನ ಮಟ್ಟದಿಂದ ಅಷ್ಟು ಎತ್ತರಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದೆ. ತೆಳು ಟ್ಯೂಬಿನ ಒಂದು ತುದಿ ನೀರಿಗೆ, ಇನ್ನೊಂದು ಸೆಟ್ಟಿಗೆ. ಬೆರಳು ನಿಧಾನವಾಗಿ ಮುಚ್ಚಿದೆ. ನೀರು ಗೋಡೆಗುಂಟ ಹತ್ತಿತು, ಒಳಗೊಂದು ಗುಳ್ಳೆ ನಡುಗುತ್ತಿತ್ತು. ಗೆರೆಗೆ ಬಂದಾಗ ಗೇಜ್ ತೋರಿಸಿದ್ದು 85. ಅಂದರೆ ಇರುವುದಕ್ಕಿಂತ ಕಮ್ಮಿ ಹೇಳುತ್ತಿದೆ. ಜಾಸ್ತಿ ಹೇಳಿದ್ದರೆ ಚಿಂತೆ ಇರಲಿಲ್ಲ, ಕಮ್ಮಿ ಹೇಳುವ ಗೇಜ್ ಅಪಾಯ. ಬೇರೆ ತಂದೆ, ಅದು 98 ಅಂದಿತು. ಎಂ-ಸೀಲ್ ಒಡೆದು ಮತ್ತೆ ಮೊದಲಿಂದ ಹೊಂದಿಸಿದೆ.

ನಾನು ಗೋಡೆ ಹತ್ತಿರ ಕೂತಿದ್ದನ್ನು ನೋಡಿ ಮನೆಯವಳು, 'ರೀ, ಇಷ್ಟೆಲ್ಲ ಬೇಕಾ? ನಾನೇನು ಕೇಳಿದ್ನಾ?' ಅಂದಳು. ಕೇಳಿರಲಿಲ್ಲ. ಆದರೆ ಬಕೆಟ್ ಹಿಡಿದುಕೊಂಡವಳು ಅವಳೇ.

ಇನ್ನೊಂದು ವಿಷಯ ತಡವಾಗಿ ಗೊತ್ತಾಯಿತು. ಜೆಲ್ ಟ್ಯೂಬಿನೊಳಗೆ ಹೋಗುತ್ತದೆ. ಪಂಪ್ ಹಾಳಾಗುವುದು ಹಾಗಿರಲಿ, ಲೀಕ್ ವಾಲ್ವ್ ಕಟ್ಟಿಕೊಂಡರೆ ನನ್ನ ಬ್ರೇಕೇ ಹೋದ ಹಾಗೆ. ಅದಕ್ಕೆ ಏರ್ ಲೈನ್‌ನಲ್ಲಿ ನೀರು ಹಿಡಿಯುವ ಪ್ಲಾಸ್ಟಿಕ್ ಬೌಲ್ ಫಿಲ್ಟರ್ ಇರುತ್ತದಲ್ಲ, ಅದರಲ್ಲಿ ಚಿಕ್ಕದನ್ನು ಸಿಲಿಂಡರ್‌ಗೂ ಟೀಗೂ ನಡುವೆ ಇಟ್ಟೆ. ಅದರೊಳಗಿನ ಫಿಲ್ಟರ್ ಕಡ್ಡಿ ತೆಗೆದುಹಾಕಿದೆ, ಗಾಳಿಗೆ ಅಡ್ಡ ಬರಬಾರದು. ಜಾಮ್ ಬಾಟಲಿ ಬೇಡ, ಗಾಜು ವ್ಯಾಕ್ಯೂಮ್‌ಗೆ ಒಳಮುಖವಾಗಿ ಒಡೆಯಬಹುದು. ಪ್ರತಿ ಸಲ ಶುರು ಮಾಡುವ ಮೊದಲು ಸಿಲಿಂಡರ್‌ಗೆ ಅಂಗೈ ಒತ್ತಿ, ಮುಳ್ಳು 200ರಲ್ಲೇ ನಿಲ್ಲುತ್ತದಾ ಅಂತ ನೋಡುತ್ತೇನೆ. ಬೆರಳೆತ್ತಿದರೆ ಬೀಳುತ್ತದಾ ನೋಡುತ್ತೇನೆ. ಆಮೇಲೇ ಮುಂದಿನದು.

ಬಳಸುವ ರೀತಿ ನೀರಸವಾಗಿದೆ, ಹಾಗೇ ಇರಬೇಕು. 100ಕ್ಕೆ ಏರಿಸಿ ಒಂದೆರಡು ನಿಮಿಷ. ಬಿಟ್ಟು ಸುಧಾರಿಸಿಕೊಂಡು 150ಕ್ಕೆ. ಮತ್ತೆ ಬಿಡು. ಒಟ್ಟು 10 ನಿಮಿಷ. ಬಣ್ಣ ಸ್ವಲ್ಪ ನೀಲಿಗೆ ತಿರುಗುತ್ತದೆ, ಮುಟ್ಟಿದರೆ ತಣ್ಣಗಿರುತ್ತದೆ, ಅದು ಸಹಜ. ನೋವು ಸಹಜವಲ್ಲ. ನೋವು ಬಂದರೆ ಅವತ್ತಿಗೆ ಮುಗಿಯಿತು. ಬುಡಕ್ಕೆ ಹಾಕುವ ರಬ್ಬರ್ ರಿಂಗ್ ಈ ದಿನದ ವ್ಯಾಯಾಮಕ್ಕೆ ಬೇಕಿಲ್ಲ. ಸಂಭೋಗಕ್ಕೆ ಬಳಸುವಾಗ ಅದು 30 ನಿಮಿಷಕ್ಕಿಂತ ಜಾಸ್ತಿ ಇರಬಾರದು. ನಾನು ಫೋನಿನಲ್ಲಿ 20ಕ್ಕೆ ಅಲಾರಾಂ ಇಟ್ಟಿರುತ್ತೇನೆ. ಅಲಾರಾಂ ಹೊಡೆದಾಗ ಇಬ್ಬರೂ ನಕ್ಕಿದ್ದೂ ಉಂಟು.

ಎಂಟು ತಿಂಗಳಾಯಿತು. ಬೆಳಗಿನ ಜಾವ ಒಮ್ಮೊಮ್ಮೆ ಸ್ವಲ್ಪ ಜೀವ ಬಂದಂತೆ ಇರುತ್ತದೆ. ಅದು ಪಂಪಿನಿಂದಲೋ, ನರಗಳು ತಾವಾಗಿ ಎದ್ದಿದ್ದೋ ನಾನು ಹೇಳಲಾರೆ. ಕುಗ್ಗಿಲ್ಲ ಅಂತ ಮಾತ್ರ ಡಾಕ್ಟರು ಹೇಳಿದರು. ಸೆಟ್ಟನ್ನು ಹಳೆಯ ಸ್ಟೀಲ್ ಟಿಫನ್ ಡಬ್ಬಿಯಲ್ಲಿ ಕೂರಿಸಿ ಅವರಿಗೆ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, ಬೆರಳಿನ ತೂತಿನ ಮೇಲೆ ತಮ್ಮ ಬೆರಳಿಟ್ಟು, ಎತ್ತಿ, ಮತ್ತೆ ಇಟ್ಟರು.

ಹೋದ ತಿಂಗಳು ಸಿಲಿಕಾನ್ ಟ್ಯೂಬ್ ಗಟ್ಟಿಯಾಗಿತ್ತು, ವಾಲ್ವ್ ಜೊತೆಗೇ ಬದಲಿಸೋಣ ಅಂತ ಮೀನಿನ ಅಂಗಡಿಗೆ ಹೋದೆ. ಅಂಗಡಿಯವನಿಗೆ ಗುರುತು ಸಿಕ್ಕಿತು. 'ಮೀನು ಹೇಗಿವೆ ಸಾರ್?' ಅಂದ. ಚೆನ್ನಾಗಿವೆ ಅಂದೆ. ಮುಖ ಉಳಿಸಿಕೊಳ್ಳೋಕೆ ಒಂದು ಪೊಟ್ಟಣ ಮೀನಿನ ಆಹಾರವನ್ನೂ ತೆಗೆದುಕೊಂಡೆ. ಅದಿನ್ನೂ ಟೂಲ್ ಬಾಕ್ಸ್‌ನಲ್ಲೇ ಇದೆ.