ದಾವಣಗೆರೆ, ಚಿತ್ರದುರ್ಗದ ಹವೆಯಲ್ಲಿ ಲ್ಯಾಬ್ರಡಾರ್ ಸಾಕುವವರಿಗೆ: ಕೂದಲು ಉದುರುವಿಕೆ ಮತ್ತು ಮೈಕೂದಲಿನ ಆರೈಕೆ

ಗಿಡ್ಡ ಕೂದಲಿನ ನಾಯಿಗೆ ಆರೈಕೆ ಕಡಿಮೆ ಸಾಕು ಎಂಬ ಮಾತನ್ನು ನಂಬಿ ಲ್ಯಾಬ್ರಡಾರ್ ಮರಿಯನ್ನು ತಂದವರು, ಅದಕ್ಕೆ ವರ್ಷ ತುಂಬುವಷ್ಟರಲ್ಲಿ ಮನೆ ಗುಡಿಸಿ ಗುಡಿಸಿ ಬೇಸತ್ತಿರುತ್ತಾರೆ. ಉದ್ದ ಕೂದಲು ಉಂಡೆಗಟ್ಟಿ ಮೂಲೆ ಸೇರುವುದರಿಂದ ಕಸಬರಿಗೆಗೆ ಸಿಗುತ್ತದೆ. ಲ್ಯಾಬ್ರಡಾರಿನ ಒರಟು ಗಿಡ್ಡ ಕೂದಲು ಮಾತ್ರ ಪಂಚೆ, ಸೋಫಾ, ಕಾರಿನ ಸೀಟುಗಳ ನೇಯ್ಗೆಯೊಳಗೆ ಸೂಜಿಯಂತೆ ನಾಟಿಕೊಳ್ಳುತ್ತದೆ. ಈ ಉದುರುವಿಕೆಯನ್ನು ಪೂರ್ತಿ ನಿಲ್ಲಿಸುವ ಶಾಂಪೂ ಆಗಲಿ ಮಾತ್ರೆಯಾಗಲಿ ಇಲ್ಲ. ನಮ್ಮ ಕೈಯಲ್ಲಿರುವುದು ಎರಡೇ: ನೆಲಕ್ಕೆ ಬೀಳಲಿರುವ ಕೂದಲನ್ನು ಮೊದಲೇ ಬ್ರಷ್ಷಿನಲ್ಲಿ ತೆಗೆಯುವುದು ಮತ್ತು ಹೊಸ ಕೂದಲು ಗಟ್ಟಿಯಾಗಿ ಹುಟ್ಟುವಂತೆ ಹೊಟ್ಟೆಗೆ ಹಾಕುವುದು.

1903ರಲ್ಲಿ ನಾಯಿ ತಳಿಗಳನ್ನು ನೋಂದಾಯಿಸುವ ಇಂಗ್ಲೆಂಡಿನ ಕೆನಲ್ ಕ್ಲಬ್ಬಿನ ಮಾನ್ಯತೆ ಪಡೆದ ಈ ತಳಿಯ ಮೂಲ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ತಣ್ಣನೆಯ ಕಡಲತೀರ. ಆದ್ದರಿಂದ ಇದರ ಮೈಮೇಲೆ ಎರಡು ಪದರಗಳಿವೆ: ನೀರು ಒಳಗಿಳಿಯದಂತೆ ತಡೆಯುವ ಗಡುಸಾದ ಮೇಲ್ಗೂದಲು, ಅದರಡಿಯಲ್ಲಿ ದಟ್ಟವಾದ ಮೃದು ಒಳಗೂದಲು. ನಮ್ಮದೇ ಮುಧೋಳ ನಾಯಿಗೆ ಇರುವುದು ತೆಳುವಾದ ಒಂದೇ ಪದರ. ಹೀಗಾಗಿ ಎರಡೂ ಗಿಡ್ಡ ಕೂದಲಿನವೇ ಆದರೂ ಆರೈಕೆಯಲ್ಲಿ ಅವುಗಳಿಗೆ ಹೋಲಿಕೆಯಿಲ್ಲ. ಕೂದಲು ಬದಲಾಯಿಸುವ ಕಾಲವನ್ನು ಮುಖ್ಯವಾಗಿ ಹಗಲಿನ ಉದ್ದ ನಿರ್ಧರಿಸುತ್ತದೆ. ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಮ್ಮ ಜಿಲ್ಲೆಗಳಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಎರಡು ಗಂಟೆಯಷ್ಟೂ ಅಂತರವಿಲ್ಲ. ಆದ್ದರಿಂದ ಚಳಿದೇಶಗಳಲ್ಲಿ ಆಗುವಂತೆ ವರ್ಷಕ್ಕೆರಡು ಬಾರಿ ರಾಶಿ ರಾಶಿಯಾಗಿ ಉದುರಿ ಮುಗಿಯುವ ಬದಲು, ಇಲ್ಲಿ ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರುತ್ತಿದ್ದು, ಚಳಿ ಹೋಗಿ ಬಿಸಿಲೇರುವ ಹೊತ್ತಿಗೆ ಹೆಚ್ಚಾಗುತ್ತದೆ. ಹೆತ್ತ ಹೆಣ್ಣು ನಾಯಿಗೆ ಎರಡು ಮೂರು ತಿಂಗಳ ನಂತರ ಧಾರಾಳವಾಗಿ ಉದುರುವುದೂ ಸಹಜವೇ.

ಬ್ರಷ್ ಮಾಡುವುದನ್ನು ಸಾಮಾನ್ಯ ದಿನಗಳಲ್ಲಿ ವಾರಕ್ಕೆ ಎರಡು ಮೂರು ಬಾರಿ, ಹೆಚ್ಚು ಉದುರುವಾಗ ದಿನವೂ ಇಟ್ಟುಕೊಳ್ಳಬೇಕು. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಕಿಲ್ಲ. ಮನೆಯೊಳಗೆ ಬೇಡ, ಅಂಗಳದಲ್ಲೋ ತಾರಸಿಯಲ್ಲೋ ಕೂರಿಸಿ, ಆಷಾಢದ ಗಾಳಿ ಬೀಸುವ ದಿನಗಳಲ್ಲಿ, ಅದರಲ್ಲೂ ಚಿತ್ರದುರ್ಗದಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕುಳಿತುಕೊಳ್ಳಬೇಕು, ಇಲ್ಲವಾದರೆ ತೆಗೆದ ಕೂದಲೆಲ್ಲ ನಿಮ್ಮ ಮುಖಕ್ಕೇ ಬರುತ್ತದೆ. ಮೊದಲು ಮೊಂಡು ಹಲ್ಲುಗಳ ರಬ್ಬರ್ ಬ್ರಷ್ಷನ್ನು ಕುತ್ತಿಗೆಯಿಂದ ಹಿಂದಕ್ಕೆ ಸಣ್ಣ ಸುತ್ತುಗಳಲ್ಲಿ ಆಡಿಸಿದರೆ ಸಡಿಲವಾದ ಕೂದಲು ಮೇಲೇಳುತ್ತದೆ. ಬಾಲದ ಬುಡ, ತೊಡೆಯ ಹಿಂಭಾಗ ಮತ್ತು ಕುತ್ತಿಗೆಯ ಸುತ್ತ ಒಳಗೂದಲು ಹೆಚ್ಚು ದಟ್ಟ. ಅಲ್ಲಿ ಕೂದಲನ್ನು ಎಡಗೈಯಿಂದ ಹಿಂದಕ್ಕೆ ಸರಿಸಿ ನೋಡಿದರೆ ಮೇಲ್ಗೂದಲಿಗಿಂತ ಮಾಸಲು ಬಣ್ಣದ, ಹತ್ತಿಯಂಥ ಎಳೆಗಳು ಬುಡದಲ್ಲಿ ಸಿಕ್ಕಿಕೊಂಡಿರುವುದು ಕಾಣುತ್ತದೆ. ನೆಲಕ್ಕೆ ಬೀಳುವುದರಲ್ಲಿ ದೊಡ್ಡ ಪಾಲು ಇದೇ. ಹೀಗೆ ಎಬ್ಬಿಸಿದ್ದನ್ನು ಕೂದಲು ಮಲಗಿದ ದಿಕ್ಕಿನಲ್ಲೇ ಗಡುಸು ಎಳೆಗಳ ಬ್ರಷ್ಷಿನಿಂದ ಎಳೆದು, ಕೊನೆಗೆ ಒದ್ದೆ ಕೈಯಿಂದ ಸವರಿದರೆ ಉಳಿದದ್ದೂ ಬರುತ್ತದೆ. ಲೋಹದ ಅಲಗಿನ ಉಪಕರಣಗಳು ಬೇಗ ಕೆಲಸ ಮುಗಿಸುತ್ತವೆ ನಿಜ, ಆದರೆ ಒತ್ತಿ ಎಳೆದರೆ ಆರೋಗ್ಯವಾಗಿರುವ ಮೇಲ್ಗೂದಲನ್ನೂ ಕತ್ತರಿಸುತ್ತವೆ. ನನ್ನ ಮತ ರಬ್ಬರ್ ಬ್ರಷ್ಷಿಗೇ.

ಕೂದಲು ಹೆಚ್ಚು ಉದುರುತ್ತಿದೆ ಎಂದು ವಾರಕ್ಕೊಮ್ಮೆ ಸೋಪು ಹಚ್ಚಿ ತೊಳೆಯುವುದು ಉಪಕಾರಕ್ಕಿಂತ ಅಪಕಾರ. ನಾಯಿಯ ಚರ್ಮ ನಮ್ಮ ಚರ್ಮದಷ್ಟು ಆಮ್ಲೀಯವಲ್ಲವಾದ್ದರಿಂದ ಮನುಷ್ಯರ ಸೋಪು, ಶಾಂಪೂ ಅದಕ್ಕೆ ಹೊಂದುವುದಿಲ್ಲ. ಪದೇ ಪದೇ ಹಚ್ಚಿದರೆ ಚರ್ಮದ ಎಣ್ಣೆಯಂಶ ಹೋಗಿ ತುರಿಕೆ ಶುರುವಾಗುತ್ತದೆ. ಮೂರ್ನಾಲ್ಕು ವಾರಕ್ಕೊಮ್ಮೆ, ಬ್ರಷ್ ಮಾಡಿದ ಮೇಲೆ, ಉಗುರುಬೆಚ್ಚಗಿನ ನೀರಿನಲ್ಲಿ ನಾಯಿಗಳ ಶಾಂಪೂ ಹಾಕಿ ತೊಳೆದರೆ ಸಾಕು. ಗಡಸು ಬೋರ್‌ವೆಲ್ ನೀರು ಬರುವ ಮನೆಗಳಲ್ಲಿ ಶಾಂಪೂ ಸರಿಯಾಗಿ ನೊರೆ ಬಾರದೆ ಕೂದಲಿಗೆ ಅಂಟಿಕೊಳ್ಳುವುದರಿಂದ, ಜಾಲಿಸುವುದಕ್ಕೆ ಇನ್ನೆರಡು ಚೊಂಬು ನೀರು ಹೆಚ್ಚಿಗೆ ಬೇಕು. ಮಳೆಗಾಲದಲ್ಲಿ ದಾವಣಗೆರೆ ಕಡೆಯ ಎರೆಮಣ್ಣು ಬೆರಳ ಸಂದಿಯಲ್ಲಿ ಒಣಗಿ ಹೆಂಟೆಯಾದಾಗ ಕಿತ್ತೆಳೆಯದೆ, ಬೆಚ್ಚನೆಯ ನೀರಿನಲ್ಲಿ ನೆನೆಸಿ ಬಿಡಿಸಬೇಕು. ಒಳಗೂದಲು ಬುಡದವರೆಗೆ ಆರದೆ ಉಳಿದರೆ ಚರ್ಮ ಕೆಂಪಾಗಿ ರಸಿಕೆ ಒಸರುವ ಹುಣ್ಣು ಒಂದೇ ದಿನದಲ್ಲಿ ಹರಡಬಲ್ಲದು.

ಏಪ್ರಿಲ್ ತಿಂಗಳ ಬಿಸಿಲಿಗೆ ಮರುಗಿ ಲ್ಯಾಬ್ರಡಾರಿನ ಮೈ ಬೋಳಿಸುವವರಿದ್ದಾರೆ. ದಯವಿಟ್ಟು ಬೇಡ. ಆ ಕೂದಲೇ ಬಿಸಿಲು ನೇರವಾಗಿ ಚರ್ಮಕ್ಕೆ ತಾಕದಂತೆ ಕಾಯುತ್ತದೆ, ಬೋಳಿಸಿದ ಮೇಲೆ ಅದು ಮೊದಲಿನಂತೆ ಬೆಳೆಯದೆಯೂ ಇರಬಹುದು. ಮೈಗೆ ಹರಳೆಣ್ಣೆ, ಕೊಬ್ಬರಿ ಎಣ್ಣೆ ಹಚ್ಚಿದರೆ ಧೂಳು ಮೆತ್ತಿಕೊಳ್ಳುತ್ತದೆಯೇ ಹೊರತು ಉದುರುವುದು ನಿಲ್ಲುವುದಿಲ್ಲ.

ಆಹಾರದ ಮಾತು ಇದೆಲ್ಲಕ್ಕಿಂತ ಮುಖ್ಯ. ಕೂದಲು ಹೆಚ್ಚೂಕಡಿಮೆ ಪೂರ್ತಿ ಪ್ರೋಟೀನಿನಿಂದಾದದ್ದು. ವಯಸ್ಕ ನಾಯಿಯ ಆಹಾರದ ಒಣ ತೂಕದಲ್ಲಿ ಕನಿಷ್ಠ 18 ಶೇಕಡಾ ಪ್ರೋಟೀನ್ ಇರಬೇಕು ಎನ್ನುವುದು ಒಪ್ಪಿತವಾದ ಅಳತೆ. ರಾಗಿ ಹಿಟ್ಟಿನಲ್ಲಿ, ಅಕ್ಕಿಯಲ್ಲಿ ಇರುವುದು ಸುಮಾರು 7 ಶೇಕಡಾ. ಮುದ್ದೆ ಹಾಲು, ಅನ್ನ ಮೊಸರು ಇಷ್ಟರಲ್ಲೇ ಬೆಳೆದ ನಾಯಿಗಳ ಕೂದಲು ಮಾಸಲಾಗಿ, ಹಿಡಿದರೆ ಕೈಗೆ ಬರುವಂತಿರುವುದಕ್ಕೆ ಬಹಳ ಸಲ ಇದೇ ಕಾರಣ. ಮುದ್ದೆಯನ್ನು ಬಿಡಬೇಕಾಗಿಲ್ಲ, ಅದರ ಪಾಲು ಇಳಿಸಿ ಬೇಯಿಸಿದ ಮೊಟ್ಟೆ, ಮೂಳೆಯಿಲ್ಲದ ಕೋಳಿ ಅಥವಾ ಮೀನನ್ನು ಸೇರಿಸಬೇಕು. ಮನೆಯವರಿಗೆ ಮಾಡಿದ ಸಾರನ್ನು ಮಾತ್ರ ಸುರಿಯಬಾರದು, ಏಕೆಂದರೆ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಅಗಸೆ ಪುಡಿ ಒಳ್ಳೆಯದೇ, ಆದರೆ ಅದರಲ್ಲಿರುವ ಒಮೆಗಾ 3 ಎಂಬ ಕೊಬ್ಬಿನಂಶ ನಾಯಿಯ ದೇಹಕ್ಕೆ ಮೀನೆಣ್ಣೆಯಷ್ಟು ಒದಗುವುದಿಲ್ಲ. ಮೀನೆಣ್ಣೆಯ ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಹೇಳಲಿ. ಆಹಾರ ಬದಲಿಸಿದ ಫಲ ಕೂದಲಿನಲ್ಲಿ ಕಾಣಲು ಆರೆಂಟು ವಾರ ಬೇಕು.

ಬ್ರಷ್ ಮಾಡುವಾಗಲೇ ಕಿವಿಯ ಒಳಬದಿ, ಕಂಕುಳು, ಬೆರಳ ಸಂದಿಗಳಲ್ಲಿ ಉಣುಗುಗಳಿವೆಯೇ ನೋಡಿಕೊಳ್ಳಿ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಬೇಕು, ಬೆರಳಲ್ಲಿ ಹಿಸುಕಬಾರದು. ಹಟ್ಟಿಯಲ್ಲಿ ದನಗಳಿಗೆಂದು ತಂದಿಟ್ಟ ಔಷಧಿಯನ್ನು ಅಂದಾಜಿನಲ್ಲಿ ಬೆರೆಸಿ ನಾಯಿಗೆ ಬಳಿಯುವುದು, ಸೀಮೆಎಣ್ಣೆ ಸವರುವುದು ಎರಡೂ ಅಪಾಯ. ನಾಯಿ ಅದನ್ನು ನೆಕ್ಕುತ್ತದೆ. ನಾಯಿಯ ಕಂದು ಉಣುಗು ಗೋಡೆಯ ಬಿರುಕಿನಲ್ಲಿ ಮೊಟ್ಟೆಯಿಡುವುದರಿಂದ ಮಲಗುವ ಜಾಗವೂ ಸ್ವಚ್ಛವಾಗಬೇಕು. ಹಾಸಲು ಕಂಬಳಿಗಿಂತ ಹಳೆಯ ಸೀರೆಯ ಕೌದಿ ವಾಸಿ. ಕೂದಲು ಅಷ್ಟಾಗಿ ಕಚ್ಚುವುದಿಲ್ಲ, ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬಹುದು.

ಸಹಜವಾಗಿ ಉದುರುವಾಗ ಮೈಮೇಲೆ ಎಲ್ಲೂ ಬೋಳು ಕಾಣುವುದಿಲ್ಲ, ತುರಿಕೆಯೂ ಇರುವುದಿಲ್ಲ. ದುಂಡನೆಯ ಬೋಳು ಕಲೆ ಕಂಡರೆ ಮನುಷ್ಯರಿಗೂ ಹರಡುವ ಹುಳುಕಡ್ಡಿ ಇರಬಹುದು. ಕಿವಿಯಂಚು, ಮೊಣಕೈಗಳಲ್ಲಿ ಬಿಡುವಿಲ್ಲದ ತುರಿಕೆಯಿದ್ದರೆ ಕಜ್ಜಿ. ನಡುವಯಸ್ಸಿನ ನಾಯಿ ತಿನ್ನುವುದು ಅಷ್ಟೇ ಇದ್ದೂ ದಪ್ಪವಾಗಿ, ಮಂಕಾಗಿ, ಎರಡೂ ಪಕ್ಕೆಯಲ್ಲಿ ಸಮನಾಗಿ ಕೂದಲು ಕಳೆದುಕೊಂಡರೆ ಥೈರಾಯ್ಡ್ ಕೊರತೆಯ ಅನುಮಾನ. ಇವು ಯಾವುದಕ್ಕೂ ಅಂಗಡಿಯ ಮುಲಾಮು ಮದ್ದಲ್ಲ. ಪಶು ಆಸ್ಪತ್ರೆಗೆ ಹೋಗುವ ಹಿಂದಿನ ದಿನ ನಾಯಿಯನ್ನು ತೊಳೆಯಬೇಡಿ, ಎಣ್ಣೆ ಅರಿಶಿನವನ್ನೂ ಹಚ್ಚಬೇಡಿ. ವೈದ್ಯರು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಅವೆಲ್ಲ ಅಡ್ಡಿಯಾಗುತ್ತವೆ.