ಮಳೆಗಾಲದ ಶೀತಕ್ಕೆ ಮನೆಮದ್ದು: ಯಾವುದನ್ನು ಎಷ್ಟು ನಂಬಬಹುದು?

ಆಟಿಯ (ತುಳುನಾಡಿನ ಜೋರು ಮಳೆಯ ತಿಂಗಳು) ಮಳೆ ಹಿಡಿದರೆ ನಮ್ಮ ಉಡುಪಿಯ ಮನೆಗಳಲ್ಲಿ ಶೀತ, ಕೆಮ್ಮು ಒಬ್ಬರಿಂದೊಬ್ಬರಿಗೆ ಹರಡುತ್ತಲೇ ಇರುತ್ತದೆ. ಆಗ ಕಾಳುಮೆಣಸು, ಶುಂಠಿ, ಕೊತ್ತಂಬರಿ, ಜೀರಿಗೆ ಹಾಕಿ ಕುದಿಸಿದ ಬಿಸಿ ಕಷಾಯ ಗಂಟಲಿಗೆ ಹಿತ ನೀಡುತ್ತದೆ, ಧಾರಾಳವಾಗಿ ಕುಡಿಯಿರಿ. ಆದರೆ ಅದು ವೈರಸ್ಸನ್ನು ಕೊಲ್ಲುತ್ತದೆ ಎನ್ನಲು ಆಧಾರವಿಲ್ಲ, ಸಾಮಾನ್ಯ ಶೀತವು 7ರಿಂದ 10 ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಿತ್ತಿಲಿನ ದೊಡ್ಡಪತ್ರೆಯಲ್ಲಿರುವ ಕಾರ್ವಕ್ರಾಲ್, ಥೈಮಾಲ್ ಎಂಬ ಅಂಶಗಳು ಪ್ರಯೋಗಾಲಯದಲ್ಲಿ ಸೂಕ್ಷ್ಮಾಣುಗಳನ್ನು ತಡೆದಿವೆಯಾದರೂ, ಅಲ್ಲಿ ಕಂಡದ್ದು ಮಗುವಿನ ಎದೆಯಲ್ಲಿಯೂ ಆಗುತ್ತದೆಂದು ಭಾವಿಸಲಾಗದು.

ಇವೆಲ್ಲವುಗಳಿಗಿಂತ ಹೆಚ್ಚು ಪುರಾವೆ ಇರುವುದು ಜೇನಿಗೆ. ವೈದ್ಯಕೀಯ ಪುರಾವೆಗಳನ್ನು ಪರಿಶೀಲಿಸುವ ಕಾಕ್ರೇನ್ ಎಂಬ ಸಂಸ್ಥೆಯು ಮಕ್ಕಳ ಕೆಮ್ಮಿನ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ವಿಮರ್ಶೆಯಲ್ಲಿ, ಏನನ್ನೂ ಕೊಡದಿರುವುದಕ್ಕಿಂತ ಜೇನು ಕೊಡುವುದು ಬಹುಶಃ ಉತ್ತಮವೆಂದು ಹೇಳಿದೆ. ಆದರೆ 1 ವರ್ಷ ತುಂಬದ ಮಗುವಿಗೆ, ಮನೆಯ ಹಿರಿಯರು ಎಷ್ಟೇ ಒತ್ತಾಯಿಸಿದರೂ, ದಯವಿಟ್ಟು ಜೇನು ನೆಕ್ಕಿಸಬೇಡಿ. ಅದರಿಂದ ಬಾಟುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ಬರಬಹುದು. ಹಬೆಯ ಪಾತ್ರೆಯನ್ನೂ ಮಕ್ಕಳ ಮುಂದೆ ಇಡುವುದು ಬೇಡ, ನೀರು ಚೆಲ್ಲಿ ಸುಟ್ಟಗಾಯವಾಗುತ್ತದೆ.

ನನಗೆ ಹೆಚ್ಚು ಆತಂಕವಿರುವುದು ಜ್ವರದ ಬಗ್ಗೆ. ಮಂಗಳೂರು, ಉಡುಪಿಯಲ್ಲಿ ಮಳೆಗಾಲದ ಜ್ವರ ಮಲೇರಿಯಾ, ಡೆಂಗಿ ಅಥವಾ ಇಲಿಜ್ವರವೂ ಆಗಿರಬಹುದಾದ್ದರಿಂದ, ಕಷಾಯ ಕುಡಿಯುತ್ತಾ ದಿನ ಕಳೆಯದೆ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿಕೊಳ್ಳಿ.